ನಮ್ಮ ಮನೆಯ ಕರಿಯ

ನಾನು ಇಲ್ಲಿ ಬರೆಯಹೊರಟಿರುವುದು ಒಂದು ನಾಯಿಯ ಸಂಗತಿ. ಲೋಕದಲ್ಲಿ ಮನುಷ್ಯರಿಗೇ ಬೇಕಾದಷ್ಟು ದುಃಖಗಳಿರುವಾಗ ನಾಯಿಯೊಂದು ಸತ್ತಿತೆಂದು ಪತ್ರಿಕೆಯ ಪುಟಗಳನ್ನು ತುಂಬಿಸುವುದುಂಟೆ ಎಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ನನಗೂ ಹಾಗೆಯೇ ತೋರಿ ಎರಡು ಸಲ ಲೇಖನಿಯನ್ನು ಕೆಳಗಿಟ್ಟುದುಂಟು. ಹಾಗೆ ತೋರುವುದೇ ಈ ದುಃಖದ ಒಂದು ಭಾಗವೆಂಬುದು ಆಮೇಲೆ ತಿಳಿಯಿತು. ಮನೆಯ ಹಿರಿಯರೊಬ್ಬರು ತೀರಿಕೊಂಡರೆ ಅಳುವುದಕ್ಕೆ ಹೊತ್ತುಂಟು, ಗೊತ್ತುಂಟು, ಜೊತೆಗೆ ಕುಳಿತು ಅಳುವುದಕ್ಕೆ ಜನರುಂಟು. ಮೂರನೆಯ ದಿನ ಏನು ಮಾಡಬೇಕು, ಹನ್ನೊಂದನೆಯ ದಿನ ಯಾರಿಗೆ ಹೇಳಿಕಳುಹಬೇಕು, ಯಾವ ಅಡಿಗೆಯಾಗಬೇಕು ಎಂಬುದನ್ನೆಲ್ಲ ಹಿಂದಿನವರೇ ನಿಶ್ಚಯಿಸಿಟ್ಟಿದ್ದಾರೆ. ದುಃಖದಲ್ಲಿ ಮುಳುಗಿದವರಿಗೆ ಆ ಕಟ್ಟಳೆಗಳೇ ಹಿಡಿದುಕೊಳ್ಳುವ ಹಗ್ಗ. ನಾಯಿ ಸತ್ತ ಮನೆಯಲ್ಲಾದರೋ ಅತ್ತವರು ಹಿತ್ತಿಲಲ್ಲಿ ಮುಖ ತೊಳೆದುಕೊಂಡು, ಏನೂ ಆಗದವರಂತೆ ಒಳಗೆ ಬಂದು ಒಲೆ ಹಚ್ಚಬೇಕು.

ನಮ್ಮ ಊರು ಭೀಮನಬೀಡು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದುದು. ಬೀಡು ಎಂದರೆ ಬಿಡಾರ, ಪಾಳೆಯ. ಹೆಸರಿನಲ್ಲಿರುವ ಭೀಮನು ಪಾಂಡವರ ಭೀಮನೋ ಬೇರೆ ಯಾವ ಭೀಮನೋ ಎಂಬ ಚರ್ಚೆ ನನ್ನದಲ್ಲ. ಊರಿನ ಮಕ್ಕಳಿಗಂತೂ ಗದೆ ಹಿಡಿದವನೇ ಭೀಮ. ಅರಿಸಿನ, ಬಾಳೆ, ರಾಗಿ, ಜೋಳ, ಸೂರ್ಯಕಾಂತಿ, ಚೆಂಡುಹೂವು ಬೆಳೆಯುವ ಸೀಮೆಯಿದು. ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ಹೂವಿನ ಹೊಲಗಳನ್ನು ನೋಡುವುದಕ್ಕೆಂದೇ ದೂರದಿಂದ ಜನ ಬಂದು ರಸ್ತೆಯ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಅವರು ಹೋದಮೇಲೆ ರಾತ್ರಿಯಲ್ಲಿ ಬರುವ ಅತಿಥಿಗಳೇ ಬೇರೆ. 1973ನೆಯ ಇಸವಿಯಿಂದ ಹುಲಿಗಳಿಗಾಗಿ ಕಾಯ್ದಿಟ್ಟಿರುವ ಬಂಡೀಪುರದ ಕಾಡು ನಮ್ಮ ತಾಲ್ಲೂಕಿನ ಸೆರಗಿನಲ್ಲಿಯೇ ಇದೆ. ಹಂದಿಯು ಬೆಳೆಯನ್ನು ಅಗೆಯುತ್ತದೆ. ಆನೆಯು ಬಾಳೆಯನ್ನು ಮುರಿಯುತ್ತದೆ. ಚಿರತೆಯು ಬೆಳೆಯ ತಂಟೆಗೆ ಬಾರದೆ ನೇರವಾಗಿ ನಾಯಿಯನ್ನು ಹುಡುಕಿಕೊಂಡು ಬರುತ್ತದೆ. ಕಾಡಂಚಿನ ಹಳ್ಳಿಗಳಲ್ಲಿ ಚಿರತೆಗೆ ಎಲ್ಲಕ್ಕಿಂತ ಸುಲಭವಾದ ಆಹಾರ ನಾಯಿಯೇ. ಆದುದರಿಂದ ನಮ್ಮ ಕಡೆಯ ಹೊಲದ ನಾಯಿಗೆ ಮುಪ್ಪು ಎಂಬುದು ಬರುವುದೇ ಅಪರೂಪ. ಒಂದು ಬೆಳಗ್ಗೆ ಸರಪಳಿ ಮಾತ್ರ ಇರುತ್ತದೆ. ಮನೆಯವರು ನಾಲ್ಕು ದಿನ ಕರೆದು, ಐದನೆಯ ದಿನ ಬೇರೊಂದು ಮರಿಯನ್ನು ತರುತ್ತಾರೆ. ಕರಿಯ ಹದಿನಾಲ್ಕು ವರ್ಷ ಬದುಕಿದ. ಅವನು ಮುದುಕನಾದುದೇ ಒಂದು ಸಾಹಸ.

ಅವನನ್ನು 2009ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಮಾವನವರು ತೆರಕಣಾಂಬಿಯಿಂದ ಟವಲಿನ ಮಡಿಲಲ್ಲಿಟ್ಟುಕೊಂಡು ತಂದರು. ಜಾತಿಯ ನಾಯಿಯಲ್ಲ, ಮೈ ಕಪ್ಪು, ಎದೆಯಲ್ಲಿ ರಾಗಿಹಿಟ್ಟು ಚೆಲ್ಲಿದಂತೆ ಒಂದಿಷ್ಟು ಬಿಳುಪು. ನಾನು ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿದ್ದಿತು. ಅತ್ತೆಯವರು ಮರಿಯನ್ನು ನೋಡಿ, ಹೊಸ್ತಿಲು ದಾಟಕೂಡದು, ಬೇರೆ ಪಾತ್ರೆ ಕೇಳಕೂಡದು ಎಂದು ಎರಡೇ ಮಾತಿನಲ್ಲಿ ಅದರ ಸಂವಿಧಾನವನ್ನು ಬರೆದುಬಿಟ್ಟರು. ಹಿತ್ತಿಲಲ್ಲಿ ಅಂಚು ಒಡೆದ ಒರಳುಕಲ್ಲೊಂದು ಬಿದ್ದಿದ್ದಿತು. ಅದರ ಗುಳಿಯೇ ಕರಿಯನ ತಟ್ಟೆಯಾಯಿತು. ಪ್ರತಿದಿನವೂ ರಾತ್ರಿ ಎಲ್ಲರ ಮುದ್ದೆಗಳನ್ನೂ ಕಟ್ಟಿಯಾದ ಮೇಲೆ ಅತ್ತೆಯವರು ಪಾತ್ರೆಯ ತಳದಲ್ಲಿ ಉಳಿದುದನ್ನು ಕೆರೆದು, ಅಂಗೈಯಲ್ಲಿ ಒಂದೇ ಸುತ್ತು ಸುತ್ತಿ, ಒಂದು ಪುಟ್ಟ ಮುದ್ದೆ ಮಾಡಿ ಆ ಗುಳಿಯಲ್ಲಿ ಇಟ್ಟು ಬರುವರು. ಪ್ರೀತಿಯ ಮಾತೊಂದನ್ನೂ ಅವರು ಅವನೊಡನೆ ಆಡಿದುದನ್ನು ನಾನು ಕೇಳಲಿಲ್ಲ. ಆದರೆ ಆ ಮುದ್ದೆಗೆ ಉಪ್ಪು ಹಾಕಿದ ಸಾರನ್ನು ಸುರಿಯದೆ, ನಮ್ಮೆಲ್ಲರ ಪಾಲಿನಿಂದ ಒಂದೊಂದು ಹನಿ ಮಜ್ಜಿಗೆಯನ್ನು ಕಡಿಮೆ ಮಾಡಿ ಸುರಿಯುತ್ತಿದ್ದರೆಂಬುದನ್ನು ಕಂಡುಹಿಡಿಯಲು ನನಗೆ ಬಹಳ ವರ್ಷಗಳು ಬೇಕಾದುವು.

ಅವನ ಯೌವನದ ಪ್ರತಾಪಗಳನ್ನು ವಿಸ್ತರಿಸುವುದಿಲ್ಲ. ನಾಯಿ ಸಾಕಿದವರೆಲ್ಲರ ಬಳಿಯೂ ಅಂಥ ಕಥೆಗಳಿರುತ್ತವೆ, ಕೇಳುವವರಿಗೆ ಮಾತ್ರ ಆಕಳಿಕೆ. ಒಂದನ್ನು ಹೇಳಿದರೆ ಸಾಕು. ಅವನಿಗೆ ಐದು ವರ್ಷವಾಗಿದ್ದಾಗ ಅರಿಸಿನದ ಹೊಲದ ಕಾವಲಿನಲ್ಲಿ ಮಾವನವರೊಡನೆ ಇದ್ದ ಒಂದು ರಾತ್ರಿ ಚಿರತೆಯು ಅವನ ಕೊರಳಿಗೇ ಬಾಯಿ ಹಾಕಿತು. ಮಾವನವರು ಅದಕ್ಕೆ ಮುಂಚೆಯೇ ಹಳೆಯ ಚರ್ಮದ ಪಟ್ಟಿಗೆ ಮೊಳೆಗಳನ್ನು ಹೊರಮುಖವಾಗಿ ಬಡಿದು ಅವನ ಕೊರಳಿಗೆ ಕಟ್ಟಿದ್ದರಾಗಿ ಪ್ರಾಣ ಉಳಿಯಿತು. ಒಂದು ಕಿವಿಯ ತುದಿ ಹೋಯಿತು. ಆಮೇಲೆ ಮಾವನವರು ತಮ್ಮ ಆಯುಸ್ಸಿನ ಉಳಿದ ರಾತ್ರಿಗಳಲ್ಲಿ ಒಂದೊಂದು ಸಲವಾದರೂ ಎದ್ದು ಕತ್ತಲಲ್ಲಿ ಕೈಚಾಚಿ ಆ ಅರ್ಧ ಕಿವಿಯನ್ನು ಮುಟ್ಟಿನೋಡಿ ಮಲಗುತ್ತಿದ್ದರು.

ಮಾವನವರು 2019ರಲ್ಲಿ ತೀರಿಕೊಂಡರು. ಜಪಾನಿನಲ್ಲಿ ಹಾಚಿಕೊ ಎಂಬ ನಾಯಿಯು ತನ್ನ ಒಡೆಯನು ಸತ್ತಮೇಲೆಯೂ ಹತ್ತಿರ ಹತ್ತಿರ ಹತ್ತು ವರ್ಷ, 1935ರಲ್ಲಿ ತಾನು ಸಾಯುವವರೆಗೂ, ಟೋಕಿಯೋ ನಗರದ ಶಿಬುಯಾ ರೈಲು ನಿಲ್ದಾಣಕ್ಕೆ ಬಂದು ಕಾಯುತ್ತಿದ್ದುದನ್ನೂ, ಅದು ಬದುಕಿರುವಾಗಲೇ ಅದಕ್ಕೆ ಪ್ರತಿಮೆ ನಿಲ್ಲಿಸಿದುದನ್ನೂ ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ನಮ್ಮ ಕರಿಯ ಹಾಗೇನೂ ಮಾಡಲಿಲ್ಲ. ಸತ್ಯವನ್ನೇ ಹೇಳಬೇಕಲ್ಲವೆ? ಮರುದಿನ ಸಂಜೆ ಮುದ್ದೆಯನ್ನು ಚೆನ್ನಾಗಿಯೇ ತಿಂದ. ಮಣ್ಣು ಮಾಡಿದ ಜಾಗದ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಅಂದಿನಿಂದ ಹೊಲದ ಕಾವಲಿಗೆ ಹೋಗುವುದನ್ನು ಬಿಟ್ಟು ಅತ್ತೆಯವರು ಮಲಗುವ ಕೋಣೆಯ ಕಿಟಕಿಯ ಕೆಳಗೆ, ಹೊರಗಡೆ, ಗೋಡೆಗೆ ಬೆನ್ನು ಕೊಟ್ಟು ಮಲಗತೊಡಗಿದ. ನಮ್ಮವರು ಹೊಲಕ್ಕೆ ಕರೆದುಕೊಂಡು ಹೋದರೆ ನಡುರಾತ್ರಿಗೆ ತಾನೇ ಹಿಂದಿರುಗಿ ಬರುತ್ತಿದ್ದ. ಇದಕ್ಕೆ ಯಾವ ಅರ್ಥವನ್ನು ಕೊಡಬೇಕೋ ನಾನು ಕೊಡಲಾರೆ. ಮುದುಕನಾಗುತ್ತಿದ್ದ, ಬೆಚ್ಚನೆಯ ಗೋಡೆ ಬೇಕಾಗಿದ್ದಿತು, ಅಷ್ಟೇ ಇದ್ದರೂ ಇರಬಹುದು.

ಹನ್ನೆರಡನೆಯ ವರ್ಷದಿಂದ ಮುಪ್ಪು ಎದ್ದುಕಂಡಿತು. ಕಣ್ಣಿನ ಪಾಪೆಯೊಳಗೆ ನೀಲಿಯ ಮಸುಕು ತುಂಬಿತು, ಕಿವಿ ಮಂದವಾಯಿತು, ಹಿಂಗಾಲುಗಳು ಏಳುವಾಗ ನಡುಗಿ, ಎದ್ದ ಮೇಲೆ ತಾವೆಲ್ಲಿಗೆ ಹೊರಟಿದ್ದೆವೆಂಬುದನ್ನು ಮರೆತಂತೆ ನಿಂತುಬಿಡುತ್ತಿದ್ದುವು. ಕಳ್ಳನನ್ನು ಕಂಡು ಸುಮ್ಮನಿದ್ದು ಮನೆಯವರನ್ನು ಕಂಡು ಬೊಗಳುವ ಕಾಲವೂ ಬಂದಿತು. ಹಾಗೆ ಬೊಗಳಿ, ಗಾಳಿಯಲ್ಲಿ ನಮ್ಮ ವಾಸನೆ ಹಿಡಿದು ಗುರುತಾದೊಡನೆ ತಲೆ ತಗ್ಗಿಸಿ ಬಾಲವಾಡಿಸುವನು. ಆಗ ಅವನ ಮುಖದಲ್ಲಿದ್ದುದು ನಾಚಿಕೆಯೆಂದು ನನ್ನ ನಂಬಿಕೆ, ಬಲ್ಲವರು ನಗಲಿ.

ಆ ದಿನಗಳಲ್ಲಿ ನೆರೆಯವರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ನನಗೊಂದು ಉಪಾಯ ಹೇಳಿದರು: “ಕಾಡಂಚ್ಗ ಬುಟ್ಬುಡಿ ಟೀಚರಮ್ಮ, ಚಿರ್ತ ನೋಡ್ಕತದ.” ನನಗೆ ಕೋಪ ಬಂದಿತೆಂದು ಬರೆದರೆ ಸುಳ್ಳಾಗುತ್ತದೆ. ಆ ವಾರ ಅವನು ಜಗಲಿಯನ್ನು ಮೂರು ಸಲ ಹೊಲಸು ಮಾಡಿದ್ದ. ಶಾಲೆಗೆ ಹೊರಡುವ ಹೊತ್ತಿನಲ್ಲಿ ಸೆರಗು ಸಿಕ್ಕಿಸಿಕೊಂಡು ತೊಳೆದವಳು ನಾನು. ಹದಿನಾಲ್ಕು ವರ್ಷ ಯಾವ ಮೃಗದ ಬಾಯಿಂದ ಅವನನ್ನು ಉಳಿಸಿಕೊಂಡೆವೋ ಅದರ ಬಾಯಿಗೇ ಕೊಡುವ ಆ ಮಾತು ಒಂದು ಕ್ಷಣ ನನ್ನ ಮನಸ್ಸಿನಲ್ಲಿ ನಿಂತು ಹೋಯಿತು. ಮಹಾಪ್ರಸ್ಥಾನದಲ್ಲಿ ಇಂದ್ರನು ಧರ್ಮರಾಜನಿಗೆ ಹೇಳಿದುದೂ ಇದನ್ನೇ ಅಲ್ಲವೆ? ನಾಯಿಯನ್ನು ಬಿಡು, ರಥವನ್ನು ಏರು. ದಾರಿಯಲ್ಲಿ ದ್ರೌಪದಿ ಬಿದ್ದಳು, ಸಹದೇವ ನಕುಲರು ಬಿದ್ದರು, ಅರ್ಜುನ ಬಿದ್ದ, ಕಡೆಗೆ ಭೀಮನೂ ಬಿದ್ದ, ಧರ್ಮರಾಜ ನಿಲ್ಲಲಿಲ್ಲ. ನಿಂತುದು ನಾಯಿಯ ಸಲುವಾಗಿ. ಚಿಕ್ಕವಳಿದ್ದಾಗ ಈ ಕಥೆಯಲ್ಲಿ ನನಗೆ ಬೇಸರವಿದ್ದುದು ಅದರ ಕೊನೆಯ ವಿಷಯದಲ್ಲಿ: ಆ ನಾಯಿ ನಿಜವಾದ ನಾಯಿಯಲ್ಲವಂತೆ, ಯಮಧರ್ಮನಂತೆ! ನಿಜವಾದ ನಾಯಿಯೇ ಆಗಿದ್ದಿದ್ದರೆ ಏನು ಕಡಿಮೆಯಾಗುತ್ತಿದ್ದಿತು? ನಮ್ಮ ಕರಿಯನಂತೂ ಕೊನೆಯವರೆಗೂ ನಾಯಿಯಾಗಿಯೇ ಉಳಿದ.

2023ನೆಯ ಇಸವಿಯ ಕಾರ್ತಿಕದಲ್ಲಿ ಅವನು ಮುದ್ದೆಯನ್ನು ಮೂಸಿ ಹಿಂದೆ ಸರಿದ. ನೀರನ್ನು ಮಾತ್ರ ಬಹಳವಾಗಿ ಕುಡಿಯುವನು, ಕುಡಿದುದನ್ನು ಕಾರುವನು. ಡಿಸೆಂಬರ್ 2ನೆಯ ತಾರೀಖು ಶನಿವಾರ ನಮ್ಮವರು ಗುಂಡ್ಲುಪೇಟೆಯಿಂದ ಪಶುವೈದ್ಯರನ್ನು ಕರೆತಂದರು. ಅವರು ಬಾಯನ್ನು ತೆರೆದು ಉಸಿರಿನ ವಾಸನೆ ನೋಡಿ, ಹೊಟ್ಟೆಯನ್ನು ಒತ್ತಿ, ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆಯೆಂದರು. ರಕ್ತದಲ್ಲಿ ಹೊರಹೋಗಬೇಕಾದ ವಿಷ ಒಳಗೇ ನಿಲ್ಲುತ್ತದೆ. ಅದರಿಂದಲೇ ವಾಂತಿ, ಅದರಿಂದಲೇ ಅನ್ನದ್ವೇಷ. ಈ ವಯಸ್ಸಿನಲ್ಲಿ ತಿರುಗಿಬರುವ ಸಂಭವವಿಲ್ಲ. ಆಮೇಲೆ ಧ್ವನಿಯನ್ನು ತಗ್ಗಿಸಿ, ನಾವು ಬಯಸುವುದಾದರೆ ಅರಿವಳಿಕೆಯ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡಬಹುದೆಂದೂ, ಮೊದಲು ನಿದ್ರೆ ಬಂದು ಬಳಿಕ ಉಸಿರೂ ಹೃದಯವೂ ನಿಲ್ಲುವುವೆಂದೂ, ಪ್ರಾಣಿಗೆ ನೋವು ತಿಳಿಯುವುದಿಲ್ಲವೆಂದೂ ಹೇಳಿದರು. ಬಹಳ ಮರ್ಯಾದೆಯಿಂದ, ಅವಸರವಿಲ್ಲದೆ ಹೇಳಿದರು. ಅವರ ಮೇಲೆ ನನ್ನದೊಂದು ದೂರೂ ಇಲ್ಲ.

ನಾನು ಆಗಲೆಂದೆ. ನಮ್ಮವರು ತಾಯಿಯ ಮುಖವನ್ನು ನೋಡಿದರು. ಅತ್ತೆಯವರು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. “ಮುದ್ದ ಇಕ್ಕಿದ ಕೈಲೇ ಇದ್ನೂ ಇಕ್ಕಾದಾ?” ಎಂದಷ್ಟೇ ಕೇಳಿದರು. ವೈದ್ಯರು ವಾಂತಿ ನಿಲ್ಲುವುದಕ್ಕೊಂದು ಮದ್ದು ಕೊಟ್ಟು, ಮನಸ್ಸು ಬದಲಾದರೆ ಫೋನು ಮಾಡಿರೆಂದು ಹೊರಟುಹೋದರು.

ವಾಚಕರೆ, ಅತ್ತೆ ಸೊಸೆಯರ ಜಗಳಗಳನ್ನು ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಮ್ಮಿಬ್ಬರಲ್ಲಿ ಹದಿನೇಳು ವರ್ಷ ಅಂಥ ಜಗಳವೊಂದೂ ಆಗಿರಲಿಲ್ಲ. ಅಂದು ಆಯಿತು. ನಿಮ್ಮ ಪುಣ್ಯಕ್ಕಾಗಿ ಒಂದು ಮೂಕಪ್ರಾಣಿ ನರಳಬೇಕೆ ಎಂದು ನಾನು ಕೇಳಿದೆ. ಕೇಳಬಾರದ ಮಾತು, ಆದರೂ ಅದರ ಅರ್ಥದಲ್ಲಿ ತಪ್ಪಿತ್ತೆಂದು ನನಗೆ ಈಗಲೂ ತೋರುವುದಿಲ್ಲ. ಅವರು ಉತ್ತರ ಕೊಡದೆ ಒಳಗೆ ಹೋದರು. ಶನಿವಾರದ ರಾತ್ರಿ ಕರಿಯ ನರಳಿದ. ಭಾನುವಾರದ ರಾತ್ರಿ ಅದಕ್ಕಿಂತ ಹೆಚ್ಚಾಗಿ. ಸದ್ದು ದೊಡ್ಡದೇನಲ್ಲ. ಬಾಗಿಲಿನ ತಿರುಗಣೆ ಒಣಗಿದಾಗ ಆಗುವಂಥ ಒಂದು ಸಣ್ಣ ಎಳೆತ. ನಾನು ಮಲಗಿದಲ್ಲಿಯೇ ಆ ಸದ್ದುಗಳನ್ನು ಎಣಿಸುತ್ತ, ಪ್ರತಿಯೊಂದನ್ನೂ ಅತ್ತೆಯವರ ಲೆಕ್ಕಕ್ಕೆ ಬರೆಯುತ್ತಿದ್ದೆ.

ಸೋಮವಾರ ಕಾರ್ತಿಕ ಸೋಮವಾರವೇ ಆಗಿದ್ದುದರಿಂದ ಊರಿನಲ್ಲಿ ದೀಪಗಳನ್ನು ಹಚ್ಚಿದ್ದರು. ಅಂದು ಸಂಜೆಯ ಸುದ್ದಿಯನ್ನು ಕನ್ನಡನಾಡಿನವರು ಯಾರೂ ಮರೆತಿರಲಾರರು. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ ಮೈಸೂರಿನ ಚಿನ್ನದ ಅಂಬಾರಿಯನ್ನು ಹೊತ್ತಿದ್ದ ಅರ್ಜುನನು, ಹಾಸನ ಜಿಲ್ಲೆಯ ಯಸಳೂರಿನ ಕಡೆ ಕಾಡಾನೆಗಳನ್ನು ಹಿಡಿಯುವ ಕೆಲಸಕ್ಕೆ ಹೋದವನು, ಒಂದು ಕಾಡಾನೆಯೊಡನೆ ಕಾದಾಡಿ ಮಡಿದನು. ಅದೇ ವರ್ಷದ ಮೇ ತಿಂಗಳಲ್ಲಿ, ಅವನಿಗಿಂತ ಮೊದಲು ಅಂಬಾರಿ ಹೊತ್ತಿದ್ದ ಬಲರಾಮನೂ ತೀರಿಕೊಂಡಿದ್ದನು. ಅರ್ಜುನನಿಗೆ ಅರುವತ್ತರ ಮೇಲೆ ವಯಸ್ಸಾಗಿದ್ದಿತು. ಆ ವಯಸ್ಸಿನವನನ್ನು ಅಂಥ ಕೆಲಸಕ್ಕೆ ಕರೆದೊಯ್ಯಬೇಕಾಗಿದ್ದಿತೆ ಎಂದು ಎಲ್ಲೆಲ್ಲಿಯೂ ಮಾತು. ಟೀವಿಯಲ್ಲಿ ಅವನ ಮಾವುತನು ಆ ದೊಡ್ಡ ದೇಹವನ್ನು ತಬ್ಬಿ ಎಬ್ಬಿಸುತ್ತಿದ್ದುದನ್ನು ಕಂಡು ನಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದ ನಾಲ್ಕು ಜನ ಹೆಂಗಸರೂ ಸೆರಗಿನಿಂದ ಕಣ್ಣೊರಸಿಕೊಂಡರು. ನಾನೂ ಒರಸಿಕೊಂಡೆ. ಐದು ಮಾರು ದೂರದಲ್ಲಿ, ಕಿಟಕಿಯ ಕೆಳಗೆ, ಕರಿಯ ಉಸಿರೆಳೆಯುತ್ತಿದ್ದ. ಅವರಲ್ಲಿ ಯಾರೂ ಅತ್ತ ನೋಡಲಿಲ್ಲವೆಂದು ನಾನು ಅವರನ್ನು ದೂರುವುದಿಲ್ಲ. ಆನೆ ನಾಡಿನದು, ನಾಯಿ ಮನೆಯದು. ಆನೆಗಾಗಿ ನೆರೆದು ಅಳಬಹುದು. ಅಂದು ನಾನು ಸುರಿಸಿದ ಕಣ್ಣೀರಿನಲ್ಲಿ ಎಷ್ಟು ಪಾಲು ಅರ್ಜುನನದು, ಎಷ್ಟು ಪಾಲು ಅವನ ಹೆಸರಿನ ಮರೆಯಲ್ಲಿ ಕರಿಯನದು ಎಂಬುದನ್ನು ಮಾತ್ರ ಹೇಳಲಾರೆ.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಹೊರಗಿನ ಸದ್ದು ನಿಂತಿತು. ಮುಗಿಯಿತೆಂದುಕೊಂಡು ಎದ್ದು ಬಂದೆ. ನಡುಮನೆಯಲ್ಲಿ ದೀಪವಿದ್ದಿತು. ಹೊಸ್ತಿಲಿನ ಒಳಗಡೆ, ಹದಿನಾಲ್ಕು ವರ್ಷಗಳಲ್ಲಿ ಅವನು ಒಂದು ಸಲವೂ ಕಾಲಿಡದಿದ್ದ ನೆಲದ ಮೇಲೆ, ಮಾವನವರ ಕಂಬಳಿಯನ್ನು ಹಾಸಿ ಅತ್ತೆಯವರು ಕರಿಯನನ್ನು ಮಲಗಿಸಿಕೊಂಡು ಕುಳಿತಿದ್ದರು. ಎಪ್ಪತ್ತಾರು ವರ್ಷದ ಅವರು ಅವನನ್ನು ಹೇಗೆ ಎತ್ತಿ ತಂದರೋ ತಿಳಿಯದು. ಒಂದು ಕೈ ಅವನ ಅರ್ಧ ಕಿವಿಯ ಮೇಲಿದ್ದಿತು. ಇನ್ನೊಂದು ಕೈಯಲ್ಲಿ ಹತ್ತಿಯನ್ನು ನೀರಿಗದ್ದಿ ತುಟಿಗೆ ಹಿಂಡುತ್ತಿದ್ದರು. ನನ್ನನ್ನು ನೋಡದೆಯೇ ಹೇಳಿದರು:

“ಅವ್ರ ಉಸುರೂ ಮೂರ್ ದಿನ ಹಿಂಗೇ ಎಳ್ದದ್ದು. ಆಗ ಯಾರಾದ್ರೂ ಸೂಜಿ ಹಾಕ್ಸು ಅಂದ್ರಾ ಕೂಸೇ?”

ನಾನು ಅವರ ಪಕ್ಕದಲ್ಲಿ ಕುಳಿತೆ. ಪುಣ್ಯಕ್ಕಾಗಿ ಎಂದು ನಾನು ಆಡಿದ್ದ ಮಾತು ನನ್ನ ಗಂಟಲಿನಲ್ಲಿಯೇ ಸಿಕ್ಕಿಕೊಂಡಿದ್ದಿತು. ಅವರಿಗೆ ಪುಣ್ಯಪಾಪಗಳ ಲೆಕ್ಕವೇ ಇರಲಿಲ್ಲ. ಗಂಡನನ್ನು ಕಳುಹಿಸಿಕೊಟ್ಟ ರೀತಿಯಲ್ಲಿಯೇ ಅವನ ನಾಯಿಯನ್ನೂ ಕಳುಹಿಸಿಕೊಡುತ್ತಿದ್ದರು. ಅದಕ್ಕಿಂತ ಬೇಗನೆ ಕಳುಹಿಸಿದರೆ ನಾಯಿ ಎಂಬ ಕಾರಣಕ್ಕೆ ಅಗ್ಗ ಮಾಡಿದಂತಾಗುವುದೆಂದು ಅವರ ಭಾವನೆ. ನಾನಾದರೋ ನಾಯಿಯಾದುದರಿಂದಲೇ ಅದಕ್ಕೊಂದು ಅನುಕೂಲವುಂಟು, ಮನುಷ್ಯನಿಗಿಲ್ಲದ ಸುಖಮರಣವನ್ನು ಅದಕ್ಕೆ ಕೊಡಬಹುದು, ಕೊಡದಿರುವುದು ಕ್ರೌರ್ಯ ಎಂದು ತಿಳಿದಿದ್ದೆ. ಈಗಲೂ ಹಾಗೆಯೇ ತಿಳಿದಿದ್ದೇನೆ. ಮುಂದೆ ಇನ್ನೊಂದು ಪ್ರಾಣಿಗೆ ಇಂಥ ಗತಿ ಬಂದರೆ ವೈದ್ಯರನ್ನೇ ಕರೆಸುವೆನು. ಆದರೂ ಆ ರಾತ್ರಿಯ ನಾಲ್ಕು ಗಂಟೆಗಳ ಕಾಲ ನಮ್ಮಿಬ್ಬರ ಮಧ್ಯೆ ಅವನು ಕಂಬಳಿಯ ಮೇಲೆ ಮಲಗಿದ್ದುದನ್ನು ಕಳೆದುಕೊಳ್ಳುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಎರಡೂ ನಿಜ. ಇವೆರಡನ್ನೂ ಒಂದಾಗಿಸಲು ನನಗೆ ಬಾರದು.

ಮಂಗಳವಾರ ಬೆಳಗಿನ ಜಾವ ಕೋಳಿ ಕೂಗಿದಮೇಲೆ ಅವನು ಒಂದು ದೀರ್ಘವಾದ ಉಸಿರನ್ನು ಬಿಟ್ಟ. ಇನ್ನೊಂದು ಬರುವುದೆಂದು ನಾವು ಬಹಳ ಹೊತ್ತು ಕಾದೆವು.

ನಮ್ಮವರು ಹೊಲದ ಬದುವಿನಲ್ಲಿ ಹೊಂಗೆಯ ಮರದ ಕೆಳಗೆ ಗುಂಡಿ ತೆಗೆದರು. ಅರಿಸಿನದ ಎಲೆಗಳು ಹಳದಿಗೆ ತಿರುಗುತ್ತಿದ್ದ ಕಾಲ. ಕಂಬಳಿಯನ್ನೂ ಜೊತೆಗೇ ಹಾಕಿರೆಂದು ಅತ್ತೆಯವರು ಹೇಳಿದಾಗ ಅವರು ಏನೋ ಹೇಳಹೋಗಿ ಸುಮ್ಮನಾದರು. ಮೊಳೆಯ ಪಟ್ಟಿಯನ್ನು ಮಾತ್ರ ಬಿಚ್ಚಿ ತಂದೆವು; ಅದು ಈಗಲೂ ಹಗೇವಿನ ಪಕ್ಕದ ಗೂಟದಲ್ಲಿದೆ. ಮೈಸೂರಿನಲ್ಲಿ ಓದುತ್ತಿದ್ದ ಮಗಳಿಗೆ ಫೋನಿನಲ್ಲಿ ತಿಳಿಸಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಮಣ್ಣು ಹಾಕುವುದಕ್ಕೆ ಮುಂಚೆ ಒಂದು ಸಲ ತೋರಿಸಬಾರದಾಗಿತ್ತೆ ಎಂದಳು. ಶಾಲೆಗೆ ಒಂದು ದಿನದ ರಜೆ ಬೇಕಾಗಿದ್ದಿತು. ಕಾರಣವೆಂಬಲ್ಲಿ ಏನನ್ನು ಬರೆಯಬೇಕು? ಇಪ್ಪತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿರೆಂದು ಕಲಿಸಿದವಳು, ಮೈಯಲ್ಲಿ ಆರೋಗ್ಯವಿಲ್ಲವೆಂದು ಬರೆದೆ. ಅದೇ ದಿನ ಅರ್ಜುನನನ್ನು ಅವನು ಮಡಿದ ಕಾಡಿನಲ್ಲಿಯೇ ಗೌರವದಿಂದ ಮಣ್ಣುಮಾಡಿದುದನ್ನು ಟೀವಿಯಲ್ಲಿ ತೋರಿಸಿದರು; ಅವನಿಗೊಂದು ಸ್ಮಾರಕವಾಗಬೇಕೆಂದು ಜನ ಕೇಳಿದರು, ಸರ್ಕಾರವೂ ಒಪ್ಪಿತು. ಆಗಬೇಕಾದುದೇ.

ಮಧ್ಯಾಹ್ನ ಅತ್ತೆಯವರು ಆಳನ್ನು ಕರೆದು ಹಿತ್ತಿಲ ಒಡೆದ ಒರಳುಕಲ್ಲನ್ನು ಗಾಡಿಗೆ ಹಾಕಿಸಿ ಹೊಂಗೆಯ ಮರದ ಕೆಳಗೆ ಹೊರಿಸಿದರು. ನರಿಗಳು ಮಣ್ಣನ್ನು ಕೆದಕದಿರಲೆಂದು ಎಂದರು. ಕಾರಣ ನ್ಯಾಯವಾದುದೇ. ನಮ್ಮ ಸೀಮೆಯಲ್ಲಿ ಮೇಲುಮಣ್ಣು ಸಡಿಲವಾಗಿದ್ದರೆ ರಾತ್ರಿ ಕಳೆಯುವುದರೊಳಗೆ ಕೆದಕಿಬಿಡುತ್ತವೆ. ಆದರೆ ಆ ಕಲ್ಲು ಅಲ್ಲಿ ಕುಳಿತುದನ್ನು ಕಂಡೊಡನೆ ನನಗೆ ನೆನಪಾದುದು ಬೇರೊಂದು ಕಲ್ಲು.

ಹಿಂದೊಮ್ಮೆ ಶಾಲೆಯ ಮಕ್ಕಳೊಡನೆ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದಾಗ ಅದನ್ನು ನೋಡಿದ್ದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನ. ಕಾಲ 949–50ನೆಯ ಇಸವಿ. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ದೊಡ್ಡ ಯುದ್ಧದ ವಿಷಯ ಅದರಲ್ಲಿರುವುದರಿಂದ ಚರಿತ್ರೆಕಾರರಿಗೆ ಅದು ಬಹಳ ಬೇಕಾದುದು. ಮಕ್ಕಳಿಗೆ ಬೇಕಾದುದು ಮಾತ್ರ ಕಲ್ಲಿನ ಮೇಲಿನ ಚಿತ್ರ: ಒಂದು ನಾಯಿ, ಒಂದು ಹಂದಿ, ಒಂದನ್ನೊಂದು ಎದುರಿಸಿರುವುದು. ಆ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ ಅವನು ಭೂಮಿಯನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಮಣಲೇರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಅದರ ಹೆಸರಿನಲ್ಲಿ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಅಲ್ಲಿಯ ಗೊರವನು ಆ ಕಲ್ಲನ್ನು ಪೂಜಿಸದೆ ಊಟಮಾಡಕೂಡದೆಂದು ಬರೆಸಿದನು. ನಾಯಿಯ ಕಲ್ಲಿಗೆ ಪೂಜೆಯಾಗದೆ ಅನ್ನವಿಲ್ಲ! ಸಾವಿರ ವರ್ಷದ ಹಿಂದೆ ನಮ್ಮವನೊಬ್ಬನು ನಾಚಿಕೆಪಡದೆ, ಊರಿನ ನಡುವೆ, ದೇವರ ಎದುರಿಗೆ ತನ್ನ ನಾಯಿಗಾಗಿ ದುಃಖಪಟ್ಟನು. ನಾನು ರಜೆಯ ಚೀಟಿಯಲ್ಲಿ ಸುಳ್ಳು ಬರೆದೆನು.

ಆದರೆ ಕಾಳಿಯ ಸಾವಿಗೂ ಕರಿಯನ ಸಾವಿಗೂ ಅಂತರವುಂಟು. ಕಾಳಿ ಹೋರಾಡಿ ಸತ್ತಿತು, ಅರ್ಜುನನೂ ಹಾಗೆಯೇ. ವೀರರಿಗೆ ಕಲ್ಲು ನಿಲ್ಲಿಸುವುದು ನಮ್ಮ ನಾಡಿನ ವಾಡಿಕೆ. ಹಲ್ಲುದುರಿ, ಕಣ್ಣು ಮಂಜಾಗಿ, ಜಗಲಿಯನ್ನು ಹೊಲಸು ಮಾಡಿ, ಯಾರಿಗೂ ಯಾವ ಪ್ರಯೋಜನವೂ ಇಲ್ಲದೆ ಸತ್ತ ನಾಯಿಗೆ ಯಾವ ಕಲ್ಲು? ಇದಕ್ಕೆ ಉತ್ತರದಂತಿರುವ ಒಂದು ಸಂಗತಿಯನ್ನು ನಾನು ಆಮೇಲೆ ಓದಿದೆ. ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲು ಒಡೆಯುವವರಿಗೆ ಒಂದು ಸಮಾಧಿ ಸಿಕ್ಕಿತು. ಹದಿನಾಲ್ಕು ಸಾವಿರ ವರ್ಷದಷ್ಟು ಹಳೆಯದು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಯಲ್ಲಿ ಒಂದು ನಾಯಿಮರಿ. ಅದರ ಹಲ್ಲುಗಳನ್ನು ಪರೀಕ್ಷಿಸಿದ ಪಂಡಿತರು 2018ರಲ್ಲಿ ಪ್ರಕಟಿಸಿದುದೇನೆಂದರೆ, ಆ ಮರಿಗೆ ಸಾಯುವುದಕ್ಕೆ ಹಲವು ವಾರಗಳ ಮೊದಲೇ ಕಠಿನವಾದ ರೋಗ ಬಂದಿದ್ದಿತು. ಯಾರೋ ಅದನ್ನು ಬೆಚ್ಚಗಿಟ್ಟು, ನೀರು ಕುಡಿಸಿ, ಮೈ ತೊಳೆದು ಉಪಚರಿಸದಿದ್ದರೆ ಅಷ್ಟು ದಿನ ಅದು ಬದುಕುವ ಹಾಗಿರಲಿಲ್ಲ. ಬೇಟೆಗೆ ಬಾರದ, ಕಾವಲಿಗೆ ಬಾರದ ಮರಿ. ಇದನ್ನು ಓದುತ್ತಿದ್ದಾಗ ನನಗೆ ಕಂಡುದು ಆ ಹೆಂಗಸಿನ ಕೈಯಲ್ಲಿ ನೀರಿಗದ್ದಿದ ಒಂದು ಹತ್ತಿ. ಆ ಕಾಲದಲ್ಲಿ ಅಲ್ಲಿ ಹತ್ತಿ ಇರಲಿಲ್ಲವೆಂಬುದು ನನಗೂ ಗೊತ್ತು.

ಅತ್ತೆಯವರಿಗೆ ಈ ಎರಡು ಸಂಗತಿಗಳನ್ನೂ ಹೇಳಿದೆ. ಆತಕೂರಿನ ಗೊರವನ ವಿಷಯ ಅವರಿಗೆ ಹಿಡಿಸಿತು. ಮೈಲಾರಲಿಂಗನ ಗೊರವರು ಕರಡಿಯ ತೊಗಲಿನ ಟೊಪ್ಪಿಗೆ ಹಾಕಿ, ಡಮರು ಬಾರಿಸುತ್ತ ಕುಣಿಯುವುದನ್ನು ಅವರು ಚಿಕ್ಕಂದಿನಿಂದಲೂ ಕಂಡವರು. ಮೈಲಾರನ ಜೊತೆಯಲ್ಲಿ ಯಾವಾಗಲೂ ನಾಯಿಯುಂಟಲ್ಲವೆ, ಇನ್ನೇನು ಮಾಡಿಯಾರು ಎಂದರು. ಜರ್ಮನಿಯ ಮರಿಯ ಕಥೆಗೆ ತಲೆಯಾಡಿಸಿ ಅದರ ಬಣ್ಣ ಯಾವುದೆಂದು ಕೇಳಿದರು.

ಅವನು ಹೋದ ದಿನ ರಾತ್ರಿ ಅತ್ತೆಯವರು ಎಂದಿನಂತೆ ಮುದ್ದೆ ಕಟ್ಟುತ್ತಿದ್ದರು. ನನ್ನದು, ನಮ್ಮವರದು, ತಮ್ಮದು. ಆಮೇಲೆ ಪಾತ್ರೆಯ ತಳವನ್ನು ಕೆರೆದು, ಅಂಗೈಯಲ್ಲಿ ಒಂದೇ ಸುತ್ತು ಸುತ್ತಿ, ಪುಟ್ಟ ಮುದ್ದೆಯನ್ನು ಹಿಡಿದು ಹಿತ್ತಿಲ ಬಾಗಿಲವರೆಗೂ ಹೋದರು. ಬಾಗಿಲಲ್ಲಿ ನಿಂತರು. ಒರಳುಕಲ್ಲಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ದುಂಡನೆಯ ಗುರುತು ಮಾತ್ರವಿದ್ದಿತು, ಅಲ್ಲಿ ಹುಲ್ಲು ಬೆಳೆದಿರಲಿಲ್ಲ. ಹಿಂದಿರುಗಿ ಬಂದು ಆ ಮುದ್ದೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಡಿಗೆಯ ಮನೆಯ ನಡುವೆ ನಿಂತರು. ಬೆರಳುಗಳ ನಡುವೆ ಹಬೆಯಾಡುತ್ತಿದ್ದಿತು. ನಾನು ನನ್ನ ತಟ್ಟೆಯನ್ನು ಮುಂದೆ ಹಿಡಿದೆ. ಅವರು ಅದರಲ್ಲಿಟ್ಟರು. ಶನಿವಾರದ ಮಾತಿಗೆ ನಾನು ಕ್ಷಮೆಯನ್ನು ಕೇಳಿದುದೂ ಇಲ್ಲ, ಅವರು ಕೊಟ್ಟುದೂ ಇಲ್ಲ. ಆ ಮುದ್ದೆಗೆ ಅವರು ಮಜ್ಜಿಗೆಯನ್ನೇ ಸುರಿದರು, ನಾನು ತಿಂದೆ.

ಮಾರನೆಯ ದಿನವೂ ಕೈ ಹಾಗೆಯೇ ಮಾಡಿತು. ಅದರ ಮಾರನೆಯ ದಿನವೂ. ಮೂರನೆಯ ದಿನ ಬೆಳಗ್ಗೆ ಸೆರಗಿನ ಮರೆಯಲ್ಲಿ ಒಂದು ಚೊಂಬು ಹಿಡಿದುಕೊಂಡು ಅವರು ಹೊಲದ ಕಡೆ ಹೋದುದನ್ನು ನೋಡಿದೆ. ಚೊಂಬಿನಲ್ಲಿ ಹಾಲಿದ್ದಿತೆ ನೀರಿದ್ದಿತೆ ಎಂದು ನಾನು ಕೇಳಲಿಲ್ಲ. ಅಂದು ಕರೆದ ಹಾಲು ಮಾತ್ರ ಎಂದಿಗಿಂತ ಸ್ವಲ್ಪ ಕಡಿಮೆಯಾಗಿದ್ದಿತು.

ಸಂಕ್ರಾಂತಿಯ ಹೊತ್ತಿಗೆ ಕಾಡಂಚಿನ ಉಪಾಯ ಹೇಳಿದ್ದ ಆ ನೆರೆಯವರೇ ಒಂದು ಮರಿಯನ್ನು ತಂದುಕೊಡುವುದಾಗಿ ಹೇಳಿಕಳುಹಿಸಿದರು. ಅತ್ತೆಯವರು ಈಗ ಬೇಡ, ಅರಿಸಿನ ಕಿತ್ತು ಮುಗಿಯಲಿ ಎಂದರು. ಅರಿಸಿನ ಕೀಳುವ ಆಳುಗಳು ಹೊಂಗೆಯ ಮರದ ಕೆಳಗೆ ಊಟಕ್ಕೆ ಕುಳಿತಾಗ ಅವರಲ್ಲೊಬ್ಬಳು ಒರಳುಕಲ್ಲಿನ ಗುಳಿಯಲ್ಲಿ ಕೈತೊಳೆದ ನೀರನ್ನು ಬಿಡಹೋದಳು. ಇನ್ನೊಬ್ಬಳು, “ಅಲ್ಲಿ ಬ್ಯಾಡ ಕನವ್ವ, ಅದು ಕರಿಯಂದು” ಎಂದು ತಡೆದಳು. ನಾನು ಬದುವಿನ ಮೇಲೆ ಲೆಕ್ಕದ ಪುಸ್ತಕ ಹಿಡಿದು ನಿಂತಿದ್ದೆ.